ಅಪ್ಪನ ಜಮೀನು, ನನ್ನ ದುಡಿಮೆ, ಮೂವರ ಪಾಲು: ಕಾಗದದಲ್ಲಿ ಏನೂ ಇಲ್ಲ, ಎಲ್ಲಿಂದ ಶುರು ಮಾಡಲಿ?

ಬದುವಿನ_ಹುಲ್ಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಮೂವರು ಮಕ್ಕಳು. ಅಣ್ಣ, ಅಕ್ಕ ಇಬ್ಬರೂ ಓದಿ ಕೆಲಸ ಅಂತ ಹೊರಗೆ ಹೋದರು. ನಾನು ಓದು ಮುಗಿಸಿ ಅಪ್ಪನ ಜೊತೆ ಜಮೀನಿನಲ್ಲೇ ನಿಂತೆ. ಸಂಬಳ ಅಂತ ಯಾವತ್ತೂ ತೆಗೆದುಕೊಂಡಿಲ್ಲ. ಮನೆ ಖರ್ಚು ನಡೆಯುತ್ತಿತ್ತು, ಕೈಗೆ ಬೇಕಾದಾಗ ಅಪ್ಪನ ಹತ್ತಿರ ಕೇಳುತ್ತಿದ್ದೆ, ಅಷ್ಟೇ. "ನೋಡಿಕೊಳ್ಳುವವನು ನೀನು ತಾನೇ, ಇದೆಲ್ಲ ನಿಂದೇ" ಅಂತ ಅಪ್ಪ ಎಷ್ಟೋ ಸಲ ಹೇಳಿದ್ದಾರೆ. ಅಣ್ಣನ ಮುಂದೆಯೂ ಹೇಳಿದ್ದಾರೆ, ಅವನು ಬೇಡ ಅಂದಿಲ್ಲ. ಆದರೆ ಕಾಗದದಲ್ಲಿ ಒಂದು ಸಾಲೂ ಇಲ್ಲ. ಜಮೀನಿನಲ್ಲಿ ಸ್ವಲ್ಪ ತಾತನಿಂದ ಬಂದದ್ದು, ಸ್ವಲ್ಪ ಅಪ್ಪ ಆಮೇಲೆ ಕೊಂಡದ್ದು. ಖಾತೆ ಪೂರ್ತಿ ಅಪ್ಪನ ಹೆಸರಲ್ಲೇ ಇದೆ.

ಇದರ ಮೇಲೆ ಇನ್ನೊಂದು. ಜಮೀನಿನ ಒಂದು ಮೂಲೆಯಲ್ಲಿ ನಾನೂ ಒಬ್ಬ ಗೆಳೆಯನೂ ಸೇರಿ ನರ್ಸರಿ ಮಾಡಿದ್ದೇವೆ. ಶೇಡ್‌ನೆಟ್, ಕೊಳವೆಬಾವಿ, ಗೋಡೌನ್ ಎಲ್ಲ ನಾವು ಹಾಕಿದ್ದು. ಸಾಲ ಅಪ್ಪನ ಹೆಸರಲ್ಲಿ, ಜಾಮೀನು ನಾನು. ಗೆಳೆಯನ ಜೊತೆ ಬರವಣಿಗೆ ಇಲ್ಲ, ಅರ್ಧ ಅರ್ಧ ಅಂತ ಮಾತು. ಈಚೆಗೆ ಒಂದು ಕಂಪನಿ, ವರ್ಷಕ್ಕೆ ಇಷ್ಟು ಸಸಿ ಬೆಳೆಸಿ ಕೊಡಿ ಅಂತ ಕರಾರುಪತ್ರ ಕಳಿಸಿದೆ. ಪುಟ ಮೇಲೆ ಪುಟ. ಸಹಿ ಹಾಕಲೋ ಬೇಡವೋ ಗೊತ್ತಾಗುತ್ತಿಲ್ಲ.

ಈಗ ಯಾರೂ ಜಗಳ ಆಡುತ್ತಿಲ್ಲ, ಅಪ್ಪ ಗಟ್ಟಿಯಾಗಿದ್ದಾರೆ. ಅದಕ್ಕೇ ಈಗಲೇ ಕೇಳುತ್ತಿದ್ದೇನೆ. ಯಾವ ಕಚೇರಿಯಲ್ಲಿ ಯಾವ ಅರ್ಜಿ ಅನ್ನುವುದು ಬೇಡ, ಅದನ್ನು ವಕೀಲರು ಹೇಳುತ್ತಾರೆ. ಅವರ ಹತ್ತಿರ ಹೋಗುವ ಮುಂಚೆ ನಾನು ಏನು ತಿಳಿದುಕೊಂಡಿರಬೇಕು, ನಿಜವಾದ ಅಪಾಯ ಎಲ್ಲಿದೆ, ಅದನ್ನು ಹೇಳಿ.

---

ನೇರಮಾತು:

ಇದರಲ್ಲಿ ಯೋಚಿಸುವುದು ಏನಿದೆ? ಅಪ್ಪ ಗಟ್ಟಿಯಾಗಿರುವಾಗಲೇ ಸದ್ದಿಲ್ಲದೆ ಒಂದು ದಾನಪತ್ರ ನೋಂದಣಿ ಮಾಡಿಸಿಕೊಂಡುಬಿಡಿ. ಅಣ್ಣ ಅಕ್ಕನಿಗೆ ಆಮೇಲೆ ಗೊತ್ತಾದರೆ ಗೊತ್ತಾಗಲಿ. ಬೆವರು ಸುರಿಸಿದ್ದು ನೀವು, ಪಾಲು ಕೇಳುವುದಕ್ಕೆ ಅವರು ಬರುತ್ತಾರಾ? ಮೊದಲು ಮಾಡಿಸಿಕೊಂಡವನೇ ಜಾಣ.

---

ಕರಿಕೋಟು:

ಮೇಲಿನವರ ಸಲಹೆ ಕೇಳಿ ನಡೆದವರ ಮಕ್ಕಳೇ ಕೋರ್ಟಿನ ಕಾರಿಡಾರಿನಲ್ಲಿ ಕೂತಿರುವುದು. ಸಿವಿಲ್ ಕೆಲಸ ಮಾಡುವವನು ನಾನು, ಆ ಬೆಂಚು ಚೆನ್ನಾಗಿ ಗೊತ್ತು.

ಭಾರತದ ಕಾನೂನು, ಅದರಲ್ಲೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯ ಅಂತ ಇಟ್ಟುಕೊಂಡು ಹೇಳುತ್ತೇನೆ. ಬೇರೆ ಧರ್ಮದವರಾದರೆ ಲೆಕ್ಕ ಬೇರೆ.

ಮೊದಲು ನೋಡಬೇಕಾದದ್ದು ತಾತನ ಜಮೀನು ನಿಜವಾಗಿ ಪಿತ್ರಾರ್ಜಿತವಾ ಅಂತ. ತಾತನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಂತ ಜನ ಸುಮ್ನೆ ಅಂದುಕೊಂಡಿರುತ್ತಾರೆ. ಹಾಗಲ್ಲ. ತಾತನಿಗೆ ಅದು ಎಲ್ಲಿಂದ ಬಂತು, ಅವರೇ ಕೊಂಡದ್ದಾ, ಅವರು ತೀರಿಕೊಂಡದ್ದು 1956ರ ಕಾಯ್ದೆಗೆ ಮುಂಚೆಯಾ ಆಮೇಲಾ, ಆಗ ವಿಭಾಗ ಆಗಿತ್ತಾ, ಇದೆಲ್ಲ ನೋಡಬೇಕು. ತಾತ ಸ್ವಂತವಾಗಿ ಗಳಿಸಿದ್ದು, 1956ರ ನಂತರ ವಿಲ್ ಬರೆಯದೆ ತೀರಿಕೊಂಡು ಅಪ್ಪನ ಪಾಲಿಗೆ ಬಂದಿದ್ದರೆ, ಅದು ಸಾಮಾನ್ಯವಾಗಿ ಅಪ್ಪನ ಸ್ವಂತ ಆಸ್ತಿಯಂತೆಯೇ. ಆಗ ಅಪ್ಪ ಇರುವ ತನಕ ಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದ ಬರುವ ಹಕ್ಕು ಇಲ್ಲ. ಪಿತ್ರಾರ್ಜಿತವೇ ಆಗಿದ್ದರೆ ನೀವು, ಅಣ್ಣ, ಅಕ್ಕ ಮೂವರಿಗೂ ಹುಟ್ಟಿನಿಂದ ಹಕ್ಕು. ಅಕ್ಕನಿಗೆ ಮದುವೆ ಆಗಿದ್ದರೂ ಅಷ್ಟೇ. 2005ರ ಸೆಪ್ಟೆಂಬರ್ 9ರಿಂದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಬಂತು, ಆ ದಿನ ತಂದೆ ಬದುಕಿರಲೇಬೇಕು ಅಂತ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಗಂಟೆ ಹೊಡೆದ ಹಾಗೆ ಹೇಳಿದೆ. "ಹಿಂದೆಯೇ ಬಾಯಿಮಾತಿನಲ್ಲಿ ಪಾಲಾಗಿದೆ" ಅನ್ನುವ ವಾದವನ್ನು ಸುಲಭಕ್ಕೆ ಒಪ್ಪಬಾರದು ಅಂತಲೂ ಅದರಲ್ಲೇ ಇದೆ.

ಹಾಗಾಗಿ ದಾನಪತ್ರ. ಅಪ್ಪ ಸ್ವಂತ ದುಡ್ಡಿನಲ್ಲಿ ಕೊಂಡ ಜಮೀನನ್ನು ಅವರು ಯಾರಿಗೆ ಬೇಕಾದರೂ ಕೊಡಬಹುದು. ಪಿತ್ರಾರ್ಜಿತದಲ್ಲಿ ಹಾಗೆ ಆಗುವುದಿಲ್ಲ. ಪಾಲಾಗದ ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನು ಕೂಡ ಉಳಿದವರ ಒಪ್ಪಿಗೆ ಇಲ್ಲದೆ ದಾನ ಕೊಡುವಂತಿಲ್ಲ, 1987ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು. ತನ್ನ ಪಾಲಿಗೆ ವಿಲ್ ಬರೆಯಬಹುದು, ಅದಕ್ಕೆ ಅಡ್ಡಿ ಇಲ್ಲ. ಸದ್ದಿಲ್ಲದೆ ಮಾಡಿಸಿದ ಪತ್ರ ಕೋರ್ಟಿಗೆ ಬಂದಾಗ ಜಡ್ಜ್ ಮೊದಲು ಕೇಳುವುದೇ ಇದು: ಉಳಿದ ಮಕ್ಕಳಿಂದ ಯಾಕೆ ಮುಚ್ಚಿಟ್ಟಿರಿ, ಅಪ್ಪನನ್ನು ಕಚೇರಿಗೆ ಕರೆದುಕೊಂಡು ಹೋದವರು ಯಾರು, ಸಾಕ್ಷಿ ಹಾಕಿದವರು ಯಾರ ಕಡೆಯವರು. ಮೂರಕ್ಕೂ ನಿಮ್ಮ ಹೆಸರೇ ಉತ್ತರ ಆದರೆ ಪತ್ರದ ಮೇಲೆ ಅನುಮಾನ ಬರದೆ ಇರುತ್ತದಾ?

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ದುಡಿದದ್ದಕ್ಕೆ ಬೆಲೆ. ಕಹಿ ಮಾತು: ಕೂಡು ಕುಟುಂಬದಲ್ಲಿ ಜಾಸ್ತಿ ದುಡಿದವನಿಗೆ ಜಾಸ್ತಿ ಪಾಲು ಅಂತ ಕಾನೂನು ಹೇಳುವುದಿಲ್ಲ. ಖಾತೆಯಲ್ಲಿ ಹೆಸರು ಇರುವುದರಿಂದಲೂ ಮಾಲೀಕತ್ವ ಹುಟ್ಟುವುದಿಲ್ಲ, ಅದು ಕಂದಾಯ ಕಟ್ಟುವುದಕ್ಕೆ ಇರುವ ದಾಖಲೆ. ಪಾಲು ಮಾಡುವಾಗ ನೀವು ಅಭಿವೃದ್ಧಿ ಮಾಡಿದ ಜಾಗವನ್ನು ಸಾಧ್ಯವಾದಷ್ಟು ನಿಮ್ಮ ಪಾಲಿಗೇ ಹಾಕುವುದು ಕೋರ್ಟುಗಳ ರೂಢಿ. ಆದರೆ ಅಭಿವೃದ್ಧಿ ಮಾಡಿದ್ದು ನೀವೇ ಅನ್ನುವುದಕ್ಕೆ ಬಿಲ್ಲು ಬೇಕು, ಬ್ಯಾಂಕ್ ಪಾಸ್‌ಬುಕ್ ಬೇಕು. ಊರವರ ಸಾಕ್ಷಿ ನಂಬಿ ಕೂರಬೇಡಿ.

"ಇದೆಲ್ಲ ನಿಂದೇ" ಅನ್ನುವ ಮಾತಿಗೆ ಏನಾದರೂ ಬೆಲೆ ಇದೆಯಾ ಅಂದರೆ, ಇಂಗ್ಲೆಂಡಿನಲ್ಲಿ ಇದರ ಮೇಲೆ ದೊಡ್ಡ ಕಾನೂನೇ ಬೆಳೆದಿದೆ. 2009ರ ಥಾರ್ನರ್ ವಿರುದ್ಧ ಮೇಜರ್ ಪ್ರಕರಣ ನೋಡಿ. ಒಬ್ಬ ಸಂಬಂಧಿಕರ ಹೊಲದಲ್ಲಿ ಸಂಬಳ ಇಲ್ಲದೆ ಮೂವತ್ತು ವರ್ಷದ ಹತ್ತಿರ ದುಡಿದ. ಆ ಯಜಮಾನರು ಮಾತು ಕಡಿಮೆ, "ನಿನಗೆ ಕೊಡುತ್ತೇನೆ" ಅಂತ ಬಾಯಿಬಿಟ್ಟು ಹೇಳಿದವರೇ ಅಲ್ಲ. 1990ರಲ್ಲಿ ಒಂದು ದಿನ ತಮ್ಮ ವಿಮಾ ಪಾಲಿಸಿಯ ಬೋನಸ್ ಚೀಟಿಯನ್ನು ಇವನ ಕೈಗೆ ಕೊಟ್ಟು, ನಾನು ಸತ್ತಮೇಲೆ ಕಟ್ಟುವ ತೆರಿಗೆಗೆ ಇದು ಅಂದರಂತೆ. ಬರೆದಿದ್ದ ವಿಲ್ ನಾಶ ಮಾಡಿದ್ದರು, ಬೇರೆ ಬರೆಯದೆ 2005ರಲ್ಲಿ ತೀರಿಕೊಂಡರು. ಕೊನೆಗೆ ಹೌಸ್ ಆಫ್ ಲಾರ್ಡ್ಸ್ ಹೊಲ ದುಡಿದವನಿಗೇ ಅಂತ ತೀರ್ಪು ಕೊಟ್ಟಿತು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಒಂದು ಚೀಟಿ ಕೊಟ್ಟಾಗ ಆಡಿದ ಮಾತನ್ನು ಸಾಬೀತು ಮಾಡುವುದಕ್ಕೆ ಆ ಮನುಷ್ಯ ದೇಶದ ಕೊನೆಯ ಕೋರ್ಟಿನ ತನಕ ಹೋಗಬೇಕಾಯಿತು, ಅದನ್ನೂ ನೋಡಿ. ನಮ್ಮಲ್ಲಿ ಅಷ್ಟು ಭರವಸೆಯನ್ನೂ ಇಟ್ಟುಕೊಳ್ಳಬೇಡಿ. ಪಿತ್ರಾರ್ಜಿತವಾದರೆ ಅಪ್ಪನ ಮಾತಿನಿಂದ ಅಕ್ಕನ ಹಕ್ಕು ಹೋಗುವುದೇ ಇಲ್ಲ.

ನನ್ನ ಸಲಹೆ ಒಂದೇ. ಮೂವರನ್ನೂ ಕೂರಿಸಿ, ಅಪ್ಪನ ಎದುರಿಗೇ ನೋಂದಾಯಿತ ವಿಭಾಗಪತ್ರ ಅಥವಾ ಕುಟುಂಬ ಒಪ್ಪಂದ ಮಾಡಿಸಿ. ಈಗ ಯಾರೂ ಜಗಳ ಆಡುತ್ತಿಲ್ಲ ಅಂದಿರಲ್ಲ, ನಿಮ್ಮ ಹತ್ತಿರ ಇರುವ ದೊಡ್ಡ ಬಂಡವಾಳ ಅದೇ.

---

ಹೊರಗೆ_ಹೋದವಳು:

ನಾನು ನಿಮ್ಮ ಅಕ್ಕನ ಜಾಗದಲ್ಲಿ ಇರುವವಳು. ತಮ್ಮ ಜಮೀನು ನೋಡಿಕೊಳ್ಳುತ್ತಾನೆ, ನಾನು ಹೊರಗಿದ್ದೇನೆ. ಅದಕ್ಕೇ ಈ ಕಡೆಯ ಮಾತನ್ನೂ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ ತಮ್ಮಾ.

ಸಂಬಳ ತೆಗೆದುಕೊಂಡಿಲ್ಲ ಅಂದಿರಿ. ಸರಿ. ಆದರೆ ಇರುವುದಕ್ಕೆ ಮನೆ ಯಾರದ್ದು? ಬೆಳೆ ಮಾರಿದ ದುಡ್ಡು ಯಾವ ಖಾತೆಗೆ ಹೋಯಿತು? ನರ್ಸರಿಗೆ ಜಾಗದ ಬಾಡಿಗೆ ಕೊಟ್ಟಿದ್ದೀರಾ? ನಿಮ್ಮ ಅಕ್ಕ ಇದನ್ನು ಬಾಯಿಬಿಟ್ಟು ಕೇಳದೆ ಇರಬಹುದು, ಆದರೆ ಅವರ ತಲೆಯಲ್ಲಿ ಇರುತ್ತದೆ, ಅವರಲ್ಲಿ ಇಲ್ಲದಿದ್ದರೆ ಭಾವನ ತಲೆಯಲ್ಲಂತೂ ಇದ್ದೇ ಇರುತ್ತದೆ. ಹಾಗಂತ ನೀವು ಬಿಟ್ಟಿ ತಿಂದಿರಿ ಅಂತ ನಾನು ಹೇಳುತ್ತಿಲ್ಲ, ಲೆಕ್ಕ ಇಲ್ಲದ ಕಡೆ ಎರಡೂ ಕಡೆಯವರಿಗೆ ತಾವೇ ಮೋಸ ಹೋದೆವು ಅನ್ನಿಸುತ್ತದೆ, ಅದಷ್ಟೇ ಹೇಳಿದ್ದು.

ನಮ್ಮಲ್ಲಿ ಮಾಡಿದ್ದು ಹೀಗೆ. ಒಂದು ಕಾಗದದಲ್ಲಿ ತಮ್ಮನ ದುಡಿಮೆಗೆ ವರ್ಷಕ್ಕೆ ಇಷ್ಟು ಅಂತ ಹಾಕಿದೆವು. ಇನ್ನೊಂದು ಕಡೆ ಅವನು ಮನೆ, ಜಮೀನು ಬಳಸಿದ್ದಕ್ಕೆ ಇಷ್ಟು ಅಂತ ಹಾಕಿದೆವು. ಅವನು ಕೈಯಿಂದ ಹಾಕಿದ ಬೋರ್‌ವೆಲ್, ಬೇಲಿಯ ದುಡ್ಡನ್ನು ಬೇರೆಯಾಗಿ ಬರೆದೆವು. ಮೊದಲ ಸಲ ಕೂತಾಗ ಅಮ್ಮ ಎದ್ದು ಒಳಗೆ ಹೋಗಿಬಿಟ್ಟರು, ಮಕ್ಕಳು ಲೆಕ್ಕ ಹಾಕುವುದನ್ನು ನೋಡಲಾರೆ ಅಂತ. ಆದರೂ ಮುಗಿಸಿದೆವು. ಕೊನೆಗೆ ನನ್ನ ಪಾಲಿನಲ್ಲಿ ಸ್ವಲ್ಪವನ್ನು ಅವನ ದುಡಿಮೆಯ ಲೆಕ್ಕಕ್ಕೆ ನಾನೇ ಬಿಟ್ಟುಕೊಟ್ಟೆ, ನೋಂದಣಿ ಮಾಡಿಸಿ ಬಿಟ್ಟುಕೊಟ್ಟೆ. ಸುಮ್ನೆ ಕೇಳಿದ್ದರೆ ಕೊಡುತ್ತಿರಲಿಲ್ಲ. ಲೆಕ್ಕ ಕಣ್ಣಿಗೆ ಕಂಡಿತು, ಕೊಟ್ಟೆ.

ಕರಿಕೋಟು ಸರ್ ಇಂಗ್ಲೆಂಡಿನದ್ದು ಹೇಳಿದರು, ನನಗೆ ಜಾಸ್ತಿ ಇಷ್ಟ ಆದದ್ದು ಫ್ರಾನ್ಸಿನದ್ದು. ಅಲ್ಲಿ 1939ರಿಂದ ಒಂದು ಕಾನೂನು ಇದೆ. 18 ದಾಟಿದ ಮಗನೋ ಮಗಳೋ ಅಪ್ಪ ಅಮ್ಮನ ಹೊಲದಲ್ಲಿ ಸಂಬಳವೂ ಇಲ್ಲದೆ, ಲಾಭದಲ್ಲಿ ಪಾಲೂ ಇಲ್ಲದೆ ದುಡಿದಿದ್ದರೆ, ಪಾಲು ಮಾಡುವ ಹೊತ್ತಿಗೆ ಬಾಕಿ ಸಂಬಳ ಅಂತ ಮೊದಲು ಅದನ್ನು ತೆಗೆದಿಟ್ಟು ಆಮೇಲೆ ಉಳಿದದ್ದನ್ನು ಹಂಚುತ್ತಾರೆ. ಎಷ್ಟೇ ವರ್ಷ ದುಡಿದಿದ್ದರೂ ಹೆಚ್ಚೆಂದರೆ 10 ವರ್ಷದ್ದು. ವರ್ಷಕ್ಕೆ ಎಷ್ಟು ಅಂದರೆ ಕನಿಷ್ಠ ಕೂಲಿಯ ಗಂಟೆ ದರದ ಮೂರನೇ ಎರಡು ಭಾಗ, ಅದನ್ನು 2080 ಗಂಟೆಗೆ ಗುಣಿಸಿ. ಪ್ರೀತಿ, ತ್ಯಾಗ ಅಂತ ಯಾವ ಮಾತೂ ಇಲ್ಲ, ನೇರ ಗುಣಾಕಾರ. ಸ್ವಿಟ್ಜರ್ಲೆಂಡಿನ ಸಿವಿಲ್ ಕಾನೂನಿನಲ್ಲೂ ಹೆತ್ತವರ ಮನೆಗೆ ದುಡಿದ ದೊಡ್ಡ ಮಕ್ಕಳು ಪರಿಹಾರ ಕೇಳಬಹುದು. ನಮ್ಮಲ್ಲಿ ಇಂಥ ಕಾನೂನು ಇಲ್ಲ, ಹಾಗಾಗಿ ಆ ಲೆಕ್ಕವನ್ನು ನಾವೇ ಮನೆಯಲ್ಲಿ ಮಾಡಿಕೊಳ್ಳಬೇಕು.

ಮತ್ತೆ ನೇರಮಾತು ಅವರೇ, ಪಾಲು ಕೇಳುವುದಕ್ಕೆ ಅವರು "ಬರುವುದು" ಅಲ್ಲ. ಅವರ ಪಾಲು ಅಲ್ಲೇ ಇದೆ.

---

ನೇರಮಾತು:

ಸರಿ ಅಕ್ಕ, ಒಪ್ಪಿದೆ. ಆದರೂ ಅಪ್ಪನ ಸ್ವಂತ ಜಮೀನಿನ ಮಟ್ಟಿಗೆ ದಾನಪತ್ರ ಆಗುತ್ತದೆ ಅಂತ ಕರಿಕೋಟು ಅವರೇ ಹೇಳಿದರಲ್ಲ?

---

ಕರಿಕೋಟು:

ಆಗುತ್ತದೆ. ಆದರೆ ದಾನಕ್ಕೂ ವಿಲ್‌ಗೂ ವ್ಯತ್ಯಾಸ ಗೊತ್ತಿರಲಿ. ದಾನ ಕೊಟ್ಟ ದಿನವೇ ಅಪ್ಪನ ಕೈಯಿಂದ ಜಮೀನು ಹೋಯಿತು. ನಾಳೆ ಮಗ ನೋಡಿಕೊಳ್ಳದಿದ್ದರೆ ಅಂತ ಭಯ ಇರುವವರು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಬೇಕು, ಆಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ರದ್ದು ಕೇಳಬಹುದು. ವಿಲ್ ಆದರೆ ಅಪ್ಪ ಬದುಕಿರುವ ತನಕ ಬದಲಾಯಿಸಬಹುದು. ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಆಸ್ತಿ ಸಿಗುವವರನ್ನೇ ಸಾಕ್ಷಿ ಹಾಕಿಸಬೇಡಿ.

---

ಕೂಡಿ_ಕಳೆದು:

ಎಲ್ಲರೂ ಜಮೀನು ಜಮೀನು ಅಂತಿದ್ದೀರಿ. ನನ್ನ ಕಣ್ಣಿಗೆ ಜಾಸ್ತಿ ಅಪಾಯ ಕಾಣುವುದು ನರ್ಸರಿಯಲ್ಲಿ. ಅಣ್ಣ ತಮ್ಮಂದಿರ ವಿಷಯ ವರ್ಷಗಟ್ಟಲೆ ಎಳೆಯಬಹುದು, ನರ್ಸರಿ ಒಂದೇ ಹಂಗಾಮಿನಲ್ಲಿ ಮುಳುಗಿಸಬಹುದು. ಲೆಕ್ಕಪತ್ರ ನೋಡುವವನು ನಾನು, ವಕೀಲ ಅಲ್ಲ.

ಗೆಳೆಯನ ಜೊತೆ ಬರವಣಿಗೆ ಇಲ್ಲದಿದ್ದರೂ ಲಾಭ ಹಂಚಿಕೊಂಡು ವ್ಯಾಪಾರ ಮಾಡುತ್ತಿದ್ದರೆ ಅದು ಪಾಲುದಾರಿಕೆಯೇ. 1932ರ ಪಾಲುದಾರಿಕೆ ಕಾಯ್ದೆ ನಿಮ್ಮನ್ನು ಕೇಳಿಕೊಂಡು ಬರುವುದಿಲ್ಲ. ಫರ್ಮಿನ ಸಾಲಕ್ಕೆ ಇಬ್ಬರೂ ಪೂರ್ತಿ ಹೊಣೆ, ಅವನು ಗೊಬ್ಬರದ ಅಂಗಡಿಯಲ್ಲಿ ನರ್ಸರಿ ಹೆಸರಲ್ಲಿ ಉದ್ರಿ ಮಾಡಿದರೆ ಅಂಗಡಿಯವನು ಪೂರ್ತಿ ದುಡ್ಡನ್ನು ನಿಮ್ಮೊಬ್ಬರಿಂದಲೇ ವಸೂಲಿ ಮಾಡಬಹುದು. ಫರ್ಮ್ ನೋಂದಣಿ ಆಗಿಲ್ಲದಿದ್ದರೆ ಸಸಿ ತೆಗೆದುಕೊಂಡು ದುಡ್ಡು ಕೊಡದವನ ಮೇಲೆ ಫರ್ಮಿನ ಹೆಸರಲ್ಲಿ ದಾವೆ ಹಾಕುವುದಕ್ಕೆ ಆಗುವುದಿಲ್ಲ, ಅವನು ನಿಮ್ಮ ಮೇಲೆ ಹಾಕಬಹುದು. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ, ಬೇರೆ ಏನೂ ಬರೆದುಕೊಂಡಿಲ್ಲದಿದ್ದರೆ, ಫರ್ಮ್ ಅಲ್ಲಿಗೇ ಮುಗಿಯಿತು. ಆಗ ಶೇಡ್‌ನೆಟ್ ಯಾರದ್ದು, ಕೊಳವೆಬಾವಿ ಯಾರದ್ದು? ನಿಂತಿರುವುದು ನಿಮ್ಮ ಅಪ್ಪನ ಜಮೀನಿನ ಮೇಲೆ. ಗೆಳೆಯನ ಹೆಂಡತಿ ಬಂದು ಅರ್ಧ ಕೇಳಿದರೆ ನಿಮ್ಮ ಅಣ್ಣ ಏನು ಹೇಳುತ್ತಾನೆ, ಯೋಚಿಸಿ.

ಅದಕ್ಕೆ ಪಾಲುದಾರಿಕೆ ಪತ್ರ ಮೊದಲು. ಅದರ ಜೊತೆಗೆ, ಅಪ್ಪ ಈ ಜಾಗವನ್ನು ನರ್ಸರಿಗೆ ಯಾವ ಲೆಕ್ಕದಲ್ಲಿ ಕೊಟ್ಟಿದ್ದಾರೆ ಅಂತ ಒಂದು ಕಾಗದ. ಕೆಲವು ರಾಜ್ಯಗಳಲ್ಲಿ ಕೃಷಿ ಜಮೀನನ್ನು ಗುತ್ತಿಗೆ ಕೊಡುವುದಕ್ಕೇ ನಿರ್ಬಂಧ ಇದೆ, ಹಾಗಾಗಿ ಆ ಕಾಗದದ ರೂಪ ವಕೀಲರೇ ಹೇಳಲಿ.

ಸಾಲದ ವಿಷಯ. ಜಾಮೀನು ಹಾಕಿದವನ ಹೊಣೆ ಸಾಲಗಾರನಷ್ಟೇ, 1872ರ ಕರಾರು ಕಾಯ್ದೆ ಹೇಳುವುದೇ ಹಾಗೆ. ಬ್ಯಾಂಕ್ ಮೊದಲು ಅಪ್ಪನನ್ನು ಕೇಳಿ ಆಮೇಲೆ ನಿಮ್ಮ ಹತ್ತಿರ ಬರಬೇಕು ಅಂತ ಇಲ್ಲ. ಜಮೀನು ಅಡಮಾನ ಇದ್ದರೆ ಪಾಲು ಮಾಡಿದರೂ ಅಡಮಾನ ಪಾಲಿನ ಜೊತೆಗೇ ಹೋಗುತ್ತದೆ. ನಿಮ್ಮ ನರ್ಸರಿ ಸಾಲ ಅಕ್ಕನ ಪಾಲಿನ ಮೇಲೆ ಕೂತಿದೆ ಅಂತ ವಿಭಾಗಪತ್ರದ ದಿನ ಗೊತ್ತಾಗುವುದು ಬೇಡ, ಇವತ್ತೇ ಹೇಳಿ.

ತೆರಿಗೆಯಲ್ಲಿ ನಿಮಗೆ ಅನುಕೂಲ ಇದೆ. ಬೇಸಾಯ ಮುಗಿದು ವ್ಯಾಪಾರ ಶುರುವಾಗುವುದು ಎಲ್ಲಿ ಅನ್ನುವುದೇ ದೊಡ್ಡ ತಕರಾರು, ಸ್ವಂತ ತೋಟದ ಚಹಾ ಎಲೆಯನ್ನು ಪುಡಿ ಮಾಡಿ ಮಾರಿದರೆ ಆದಾಯದಲ್ಲಿ ನೂರಕ್ಕೆ 40 ಪಾಲು ವ್ಯಾಪಾರದ್ದು ಅಂತ ಹಿಡಿಯುವ ಪದ್ಧತಿ ಬಹಳ ಕಾಲದಿಂದ ಇದೆ. ಆದರೆ ನರ್ಸರಿಯಲ್ಲಿ ಬೆಳೆಸಿದ ಸಸಿಯ ಆದಾಯ ಕೃಷಿ ಆದಾಯವೇ ಅಂತ 2008ರಲ್ಲಿ ಕಾನೂನಿನಲ್ಲೇ ಸೇರಿಸಿದರು. ಹೊರಗಿನಿಂದ ಬೆಳೆದ ಸಸಿ ತಂದು ಮಾರಿದರೆ ಅದು ಬರೀ ವ್ಯಾಪಾರ. ಎರಡಕ್ಕೂ ಬಿಲ್‌ಬುಕ್ ಬೇರೆ ಇಡಿ.

ಈಗ ಕಂಪನಿಯ ಕರಾರುಪತ್ರ. ಪೂರ್ತಿ ಓದುವುದಕ್ಕೆ ಆಗದಿದ್ದರೆ ಇದನ್ನು ಹುಡುಕಿ: ಸಸಿ ಚೆನ್ನಾಗಿಲ್ಲ ಅಂತ ಹೇಳುವ ಅಧಿಕಾರ ಯಾರದ್ದು, ಎಲ್ಲಿ ನಿಂತು ಹೇಳುತ್ತಾರೆ. ನಿಮ್ಮ ಶೇಡ್‌ನೆಟ್ ಒಳಗೆ ನೋಡಿ ಒಪ್ಪಿದರೆ ಬೇರೆ, ಲಾರಿಯಲ್ಲಿ ನೂರಾರು ಮೈಲಿ ಹೋಗಿ ಬಾಡಿದ ಮೇಲೆ ಅವರ ಗೋಡೌನಿನಲ್ಲಿ ಟ್ರೇ ಎತ್ತಿ ನೋಡಿ ಬೇಡ ಅಂದರೆ ಬೇರೆ. ಬೇಡ ಅಂದ ಸಸಿಯನ್ನು ನೀವು ಬೇರೆಯವರಿಗೆ ಮಾರಬಹುದಾ? ಬಹಳ ಕರಾರುಗಳಲ್ಲಿ ಮಾರುವಂತಿಲ್ಲ ಅಂತ ಇರುತ್ತದೆ, ಅಂದರೆ ಅವರೂ ಕೊಳ್ಳುವುದಿಲ್ಲ, ನೀವೂ ಮಾರುವಂತಿಲ್ಲ, ತಿಪ್ಪೆಗೆ ಹಾಕಬೇಕು. ಆಮೇಲೆ ಮಳೆ, ರೋಗ ಬಂದರೆ ನಷ್ಟ ಯಾರದ್ದು. ದುಡ್ಡು ಎಷ್ಟು ದಿನದಲ್ಲಿ. ತಕರಾರು ಬಂದರೆ ಯಾವ ಊರಿನ ಕೋರ್ಟು. ಇಂಥದ್ದಕ್ಕೆ ಯೂನಿಡ್ರಾ (UNIDROIT, ದೇಶಗಳ ಖಾಸಗಿ ಕಾನೂನನ್ನು ಒಂದೇ ರೂಪಕ್ಕೆ ತರುವ ಅಂತರರಾಷ್ಟ್ರೀಯ ಸಂಸ್ಥೆ), ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಐಫ್ಯಾಡ್ (IFAD, ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿ) ಮೂರೂ ಸೇರಿ 2015ರಲ್ಲಿ ಕರಾರು ಬೇಸಾಯದ ಕಾನೂನು ಕೈಪಿಡಿ ತಂದಿವೆ, ನಿಮ್ಮ ವಕೀಲರಿಗೆ ಇಂಗ್ಲಿಷ್ ಸರಾಗ ಇದ್ದರೆ ಅದನ್ನು ತೋರಿಸಿ.

ಇನ್ನೊಂದು, ತಳಿ ಯಾರದ್ದು ಅಂತ ಕೇಳಿ. 2019ರಲ್ಲಿ ಪೆಪ್ಸಿಕೋ ಗುಜರಾತಿನ ರೈತರ ಮೇಲೆ ತನ್ನ ಆಲೂಗಡ್ಡೆ ತಳಿ ಬೆಳೆದರು ಅಂತ ತಲಾ ಒಂದು ಕೋಟಿಗೂ ಜಾಸ್ತಿ ಕೇಳಿ ದಾವೆ ಹಾಕಿತ್ತು, ಗಲಾಟೆ ಆದಮೇಲೆ ಹಿಂದಕ್ಕೆ ತೆಗೆದುಕೊಂಡಿತು. ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು, ಬ್ರಾಂಡ್ ಹೆಸರು ಹಾಕಿ ಮಾತ್ರ ಮಾರುವಂತಿಲ್ಲ, 2001ರ ತಳಿ ಸಂರಕ್ಷಣಾ ಕಾಯ್ದೆಯಲ್ಲಿ ಹಾಗಿದೆ. ಆದರೆ ನರ್ಸರಿ ಬೋರ್ಡ್ ಹಾಕಿ ಲೇಬಲ್ ಹಚ್ಚಿ ಮಾರುವವರು ಆ ರಕ್ಷಣೆಯ ಮೇಲೆ ಒರಗಿಕೊಳ್ಳಬಾರದು.

---

ಬದುವಿನ_ಹುಲ್ಲು:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕನ ಸ್ಥಾನದಿಂದ ಬರೆದವರ ಮಾತು ಸ್ವಲ್ಪ ಚುಚ್ಚಿತು, ಆದರೆ ನ್ಯಾಯವೇ. ಕರಾರಿನಲ್ಲಿ ನೋಡಿದೆ: ತಪಾಸಣೆ ಅವರ ಗೋಡೌನಿನಲ್ಲೇ, ಬೇಡ ಅಂದ ಸಸಿಯನ್ನು "ನಾಶ ಮಾಡತಕ್ಕದ್ದು" ಅಂತ ಇದೆ. ಸಹಿ ಹಾಕುವುದಿಲ್ಲ, ಆ ಎರಡು ಬದಲಾಯಿಸಿ ಅಂತ ಕಳಿಸುತ್ತೇನೆ.

ಅಪ್ಪನ ಹತ್ತಿರ ವಿಭಾಗಪತ್ರದ ಮಾತು ಎತ್ತಿದೆ. "ನಾನು ಇರುವಾಗಲೇ ಪಾಲಾ?" ಅಂದರು. ಆಮೇಲೆ ಊಟ ಮುಗಿಸಿ ಅವರೇ ಕೇಳಿದ್ದು, ಬಾವಿ ಯಾರಿಗೆ ಹೋಗುತ್ತದೆ ಅಂತ. ಹಳೇ ಬಾವಿ ಒಂದೇ ಇರುವುದು, ದಾರಿಯೂ ಒಂದೇ. ರಸ್ತೆ ಕಡೆಯ ಭಾಗ ಅಣ್ಣನಿಗೆ ಬಂದರೆ ನಾನು ನರ್ಸರಿಗೆ ಹೋಗುವುದು ಅವನ ಹೊಲದ ಮೇಲೆಯೇ. ಅದಕ್ಕೆ ಏನು ಮಾಡುವುದು?

---

ಕರಿಕೋಟು:

ನಿಮ್ಮ ತಂದೆಗೆ ನನ್ನ ಅರ್ಧ ಕಕ್ಷಿದಾರರಿಗಿಂತ ಜಾಸ್ತಿ ತಿಳಿದಿದೆ. ವಿಭಾಗಪತ್ರಗಳು ಕೆಡುವುದೇ ಬಾವಿ ಮತ್ತು ದಾರಿಯಲ್ಲಿ.

ಪಾಲಾದ ಮೇಲೆ ಬೇರೆ ದಾರಿಯೇ ಇಲ್ಲದಿದ್ದರೆ 1882ರ ಅನುಭೋಗದ ಹಕ್ಕುಗಳ (ಅಂದರೆ ಇನ್ನೊಬ್ಬರ ಜಮೀನನ್ನು ದಾರಿ, ನೀರು ಇಂಥದ್ದಕ್ಕೆ ಬಳಸುವ ಹಕ್ಕು) ಕಾಯ್ದೆಯಲ್ಲಿ ಅಗತ್ಯದ ದಾರಿ ಅಂತ ಸಿಗುತ್ತದೆ. ಆದರೆ ಅದು ಹೋಗಿ ಬರುವುದಕ್ಕೆ ಎಷ್ಟು ಬೇಕೋ ಅಷ್ಟೇ. ಸಸಿ ತುಂಬಿದ ಲಾರಿ ತಿರುಗುವುದಕ್ಕೆ ಸಿಗುತ್ತದೆ ಅಂತ ನಂಬಿ ಕೂರಬೇಡಿ. ವಿಭಾಗಪತ್ರದಲ್ಲೇ ದಾರಿ ಎಲ್ಲಿಂದ ಎಲ್ಲಿಗೆ, ಅಗಲ ಎಷ್ಟು ಅಡಿ, ಯಾವ ಗಾಡಿ ಹೋಗಬಹುದು, ರಿಪೇರಿ ಯಾರದ್ದು ಅಂತ ಬರೆಸಿ, ನಕ್ಷೆಯಲ್ಲಿ ಗುರುತು ಹಾಕಿಸಿ ಅದನ್ನು ಪತ್ರದ ಭಾಗ ಮಾಡಿಸಿ. ಬಾವಿ ಮೂವರಿಗೂ ಸಾಮೂಹಿಕ ಅಂತ ಬಿಡಬಹುದು, ಆದರೆ ಬರೀ "ಸಾಮೂಹಿಕ" ಅಂತ ಬರೆದರೆ ಸಾಲದು. ಯಾರಿಗೆ ಯಾವ ದಿನ ನೀರು, ಮೋಟರ್ ಯಾರದ್ದು, ಕರೆಂಟ್ ಬಿಲ್ ಹೇಗೆ, ಬತ್ತಿದರೆ ಆಳ ಮಾಡುವ ಖರ್ಚು ಯಾರದ್ದು, ಪೈಪು ಯಾರ ಹೊಲದಲ್ಲಿ ಹಾದು ಹೋಗುತ್ತದೆ, ಎಲ್ಲ ಬೇಕು. ಮುಂದೆ ಒಬ್ಬರು ಮಾರಿದರೆ ಕೊಂಡವನಿಗೂ ಇದು ಅನ್ವಯ ಅಂತ ಸೇರಿಸಿ. ಮಾರುವ ಮುಂಚೆ ಉಳಿದ ಇಬ್ಬರಿಗೆ ಮೊದಲು ಹೇಳಬೇಕು ಅಂತಲೂ ಬರೆಸಿಕೊಳ್ಳಿ. ಪಾಲಾಗದೆ ವಾರಸಾಗಿ ಬಂದ ಜಮೀನಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಸೆಕ್ಷನ್ ಉಳಿದ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕು ಕೊಡುತ್ತದೆ, ಕೃಷಿ ಜಮೀನಿಗೂ ಅದು ಉಂಟು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾಲಾದ ಮೇಲೆ ಅದನ್ನು ನಂಬುವಂತಿಲ್ಲ, ಬರೆದುಕೊಂಡರೆ ಮಾತ್ರ.

---

ಹೊರಗೆ_ಹೋದವಳು:

ಕರೆಂಟ್ ಮೀಟರ್ ಯಾರ ಹೆಸರಲ್ಲಿದೆ ಅಂತಲೂ ನೋಡಿಕೊಳ್ಳಿ. ನಮ್ಮಲ್ಲಿ ಎಲ್ಲ ಬರೆಸಿಯೂ ಮೀಟರ್ ಚಿಕ್ಕಪ್ಪನ ಹೆಸರಲ್ಲಿ ಉಳಿದಿತ್ತು, ಅದನ್ನು ಬದಲಾಯಿಸುವುದಕ್ಕೆ ಅವರ ಮಕ್ಕಳ ಸಹಿ ಬೇಕು ಅಂದರು. ಒಬ್ಬ ಇನ್ನೂ ಹಾಕಿಲ್ಲ.